ಚಿಕ್ಕಪ್ಪನ ಹೊಲ ದಾಟಿ ಬರಬೇಕಾದ ಕೇಬಲ್

ಅಕ್ಕ,

ನಮ್ಮದು ತಾಳವಾಡಿ ತಾಲ್ಲೂಕಿನ ಒಂದು ಹಳ್ಳಿ. ಊರಿನಿಂದ ಸ್ವಲ್ಪ ಆಚೆ ಹೊಲದಲ್ಲೇ ಮನೆ. ನನಗೆ 28 ವರ್ಷ. ಬೆಂಗಳೂರಿನ ಒಂದು ಕಂಪನಿಗೆ ಮೆಡಿಕಲ್ ಬಿಲ್ಲಿಂಗ್ ಕೆಲಸ ಮಾಡುತ್ತೇನೆ, ಅಮೆರಿಕದ ಆಸ್ಪತ್ರೆಗಳ ಲೆಕ್ಕ. ಸಂಜೆ ಆರೂವರೆಗೆ ಕೂತರೆ ಏಳುವುದು ಬೆಳಗಿನ ಜಾವ ಮೂರೂವರೆಗೆ. ಕೊರೊನಾದಲ್ಲಿ ಊರಿಗೆ ಬಂದವಳು ಮನೆಯಿಂದಲೇ ಕೆಲಸ ಮಾಡಿಕೊಂಡಿದ್ದೆ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿತು. ಅವ್ವ ಒಬ್ಬಳ ಕೈಲಿ ಆಗುವುದಿಲ್ಲ ಅಂತ ಇಲ್ಲೇ ನಿಂತೆ. ಈಗ ಅಪ್ಪನ ಔಷಧಿ, ಮನೆ ಖರ್ಚು, ಎಲ್ಲ ನನ್ನ ಸಂಬಳದಲ್ಲೇ.

ಇಷ್ಟು ದಿನ ಮೊಬೈಲಿನ ಹಾಟ್‌ಸ್ಪಾಟ್ ಇಟ್ಟುಕೊಂಡು ತಳ್ಳಿದೆ. ಮಾತಿನ ಮಧ್ಯೆ ಕಾಲ್ ಕಟ್ಟಾಗುತ್ತದೆ, ಕಂಪನಿಯ ಸ್ಕ್ರೀನ್ ತೂಕಡಿಸುತ್ತದೆ. ಈಗ ಮೇಲ್ ಬಂದಿದೆ: ಮನೆಯಿಂದ ಕೆಲಸ ಮಾಡುವವರೆಲ್ಲ ಎರಡು ತಿಂಗಳೊಳಗೆ ವೈರ್ಡ್ ಇಂಟರ್ನೆಟ್ ಹಾಕಿಸಿದ ಪುರಾವೆ ಕೊಡಬೇಕು, ಇಲ್ಲದಿದ್ದರೆ ಬೆಂಗಳೂರಿನ ಆಫೀಸಿಗೆ ಬರಬೇಕು.

ನಮ್ಮೂರಿಗೆ ಫೈಬರ್ ಬಂದಿದೆ, ಕೇಬಲ್ ಟಿ.ವಿ.ಯವರೇ ಕೊಡುತ್ತಾರೆ. ಕೊನೆಯ ಕಂಬದಿಂದ ನಮ್ಮ ಮನೆಗೆ ಸುಮಾರು 400 ಮೀಟರ್. ನಡುವೆ ಚಿಕ್ಕಪ್ಪನ ಹೊಲ. ಬಾವಿಯ ಪಾಲಿನ ವಿಷಯಕ್ಕೆ ಅಪ್ಪ, ಚಿಕ್ಕಪ್ಪ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ‘ಅವನ ಮುಂದೆ ಕೈಯೊಡ್ಡಬೇಡ’ ಎನ್ನುತ್ತಾರೆ ಅಪ್ಪ. ‘ಮರದಿಂದ ಮರಕ್ಕೆ ಕಟ್ಟಿ ಎಳೆದುಬಿಡೋಣ ಅಕ್ಕಾ, ಯಾರಿಗೂ ಗೊತ್ತಾಗಲ್ಲ’ ಎನ್ನುತ್ತಾನೆ ಕೇಬಲ್ ಹುಡುಗ. ರಾತ್ರಿಯೆಲ್ಲ ದೀಪ ಉರಿಯುವುದನ್ನು ನೋಡಿ ಏನೇನೋ ಮಾತಾಡುವವರೂ ಊರಲ್ಲಿದ್ದಾರೆ. ಬೆಂಗಳೂರಿಗೆ ಹೋದರೆ ಅಪ್ಪನನ್ನು ಬಿಟ್ಟುಹೋದ ಮಗಳಾಗುತ್ತೇನೆ, ಇಲ್ಲೇ ಉಳಿದರೆ ಕೆಲಸ ಹೋಗುತ್ತದೆ. ನಿದ್ದೆ ಬರುತ್ತಿಲ್ಲ ಅಕ್ಕ.

ಹೆಸರು ಬೇಡ, ತಾಳವಾಡಿ

ತಂಗಿ,

ಮೊದಲು ಆ ಮೇಲನ್ನು ಇನ್ನೊಮ್ಮೆ ತೆರೆದು ಓದಿ. ‘ವೈರ್ಡ್’ ಎಂದು ಬರೆದವರ ಮನಸ್ಸಿನಲ್ಲಿ ಏನಿದೆ ಎಂಬುದು ನಿಮ್ಮ ಪತ್ರದಲ್ಲಿ ಸ್ಪಷ್ಟವಿಲ್ಲ. ಆ ಮಾತನ್ನು ಕಂಪನಿಗಳು ಎರಡು ಅರ್ಥದಲ್ಲಿ ಬಳಸುತ್ತವೆ. ಕೆಲವರಿಗೆ ಬೇಕಾದದ್ದು ಮನೆಯೊಳಗಿನ ಕೊನೆಯ ತುಂಡು ಮಾತ್ರ: ಲ್ಯಾಪ್‌ಟಾಪ್ ವೈಫೈ ಮೇಲೆ ಓಡಬಾರದು, ರೌಟರಿನಿಂದ ಲ್ಯಾನ್ ಕೇಬಲ್ ಚುಚ್ಚಿರಬೇಕು. ಇನ್ನು ಕೆಲವರಿಗೆ ಮನೆಗೆ ಬರುವ ಸಂಪರ್ಕವೇ ಫೈಬರಿನದ್ದೋ ಟೆಲಿಫೋನ್ ವೈರಿನದ್ದೋ ಆಗಿರಬೇಕು, ಮೊಬೈಲಿನದ್ದು ನಡೆಯುವುದಿಲ್ಲ. ಮೊದಲನೆಯದಾದರೆ ನಿಮ್ಮ ತೊಂದರೆ ಅರ್ಧಕ್ಕರ್ಧ ಇಳಿಯಿತು. ನಾಳೆಯೇ ಕಂಪನಿಯ ಐ.ಟಿ. ವಿಭಾಗಕ್ಕೆ ಬರೆದು ಕೇಳಿ. ಕನಿಷ್ಠ ವೇಗ ಎಷ್ಟು ಬೇಕು, ಅಪ್‌ಲೋಡ್ ಎಷ್ಟು, ಮನೆಯ ಛಾವಣಿಯ ಮೇಲೆ ಡಿಶ್ ಕೂರಿಸಿ ರೇಡಿಯೊ ಮೂಲಕ ಕೊಡುವ ಸಂಪರ್ಕವನ್ನು ಒಪ್ಪುತ್ತೀರಾ, ಪುರಾವೆ ಎಂದರೆ ಬಿಲ್ಲೋ ವೇಗದ ಪರೀಕ್ಷೆಯೋ ಎಂದೂ ಅದರಲ್ಲೇ ಕೇಳಿಬಿಡಿ. ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ ಉತ್ತರ ಬರಲಿ. ಗಡುವು ಹತ್ತಿರವಾದಾಗ ಆ ಉತ್ತರ ನಿಮ್ಮ ಕೈಯಲ್ಲಿರಬೇಕು.

ಕಂಪನಿಯವರು ನಿಮ್ಮ ಮೇಲೆ ಅನುಮಾನದಿಂದ ಹೀಗೆ ಕೇಳುತ್ತಿದ್ದಾರೆಂದು ಎಣಿಸಬೇಡಿ. ಮೊಬೈಲ್ ಟವರಿನ ಸಂಪರ್ಕವನ್ನು ಸುತ್ತಲಿನ ಎಲ್ಲರೂ ಹಂಚಿಕೊಳ್ಳುತ್ತಾರೆ. ನೀವು ಕೆಲಸಕ್ಕೆ ಕೂರುವ ಸಂಜೆ ಹೊತ್ತಿಗೇ ಊರವರೆಲ್ಲ ದುಡಿಮೆ ಮುಗಿಸಿ ಬಂದು ಮೊಬೈಲ್ ಹಿಡಿಯುತ್ತಾರೆ. ನಿಮಗೆ ಬೇಕಾದದ್ದು ಭಾರೀ ವೇಗವೂ ಅಲ್ಲ. ವಿಡಿಯೊ ಕಾಲಿಗೆ ಮೂರು ನಾಲ್ಕು ಎಂಬಿಪಿಎಸ್ ಧಾರಾಳ, ಕಂಪನಿಯ ಸ್ಕ್ರೀನಿಗೆ ಅದಕ್ಕಿಂತ ಕಡಿಮೆ ಸಾಕು. ಬೇಕಾದದ್ದು ತುಂಡಾಗದ, ತಡವರಿಸದ ಹರಿವು. ಅದು ಕೇಬಲಿನಲ್ಲಿ ಸಿಗುವಷ್ಟು ಚೆನ್ನಾಗಿ ಹಾಟ್‌ಸ್ಪಾಟಿನಲ್ಲಿ ಸಿಗುವುದಿಲ್ಲ. ಜೊತೆಗೆ ನೀವು ಮುಟ್ಟುವುದು ರೋಗಿಗಳ ಖಾಸಗಿ ವಿವರ. ಅದನ್ನು ಕಾಪಾಡಲು ಅಮೆರಿಕದಲ್ಲಿ 1996ರಿಂದಲೇ ಹಿಪಾ ಎಂಬ ಕಾಯಿದೆಯಿದೆ. ಆದ್ದರಿಂದ ಕೇಬಲಿನಷ್ಟೇ ಮುಖ್ಯವಾಗಿ ನಿಮಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯೂ ಬೇಕು.

ಇನ್ನು ಕೇಬಲಿನ ವಿಷಯ. ಊರಿಗೆ ಫೈಬರ್ ಬಂದಿದೆ ಎಂದಿರಿ, ಅದೇ ದೊಡ್ಡ ಭಾಗ್ಯ. ನಿಮ್ಮ ಸೀಮೆಯ ಸ್ಥಿತಿ ನೋಡಿ: ಒಂದು ಮಗ್ಗುಲಿಗೆ 2013ರಲ್ಲಿ ಘೋಷಣೆಯಾದ ಸತ್ಯಮಂಗಲಂ ಹುಲಿ ಮೀಸಲು ಕಾಡು, ಕೆಳಗಿನ ಬಯಲಿಗೆ ಇಳಿಯಲು ದಿಂಬಂ ಘಾಟಿಯ 27 ತಿರುವು, ಜಿಲ್ಲಾ ಕೇಂದ್ರ ಈರೋಡು ನೂರು ಕಿಲೋಮೀಟರಿಗೂ ಆಚೆ, ಪಕ್ಕದ ರಾಜ್ಯದ ಚಾಮರಾಜನಗರ ಮಾತ್ರ ಕೂಗಳತೆಯಲ್ಲಿ. ಇಂಥ ಕಡೆ ಕೇಬಲ್ ಹೂಳಲು ಕಂಪನಿಗಳು ತಾವಾಗಿ ಓಡಿಬರುವುದಿಲ್ಲ. ಅದಕ್ಕೆಂದೇ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆ ಮುಂದೆ ಭಾರತ್‌ನೆಟ್ ಎನಿಸಿತು. ತಮಿಳುನಾಡಿನ 12,525 ಗ್ರಾಮ ಪಂಚಾಯಿತಿಗಳಿಗೆ ಅದನ್ನು ಮುಟ್ಟಿಸುವ ಹೊಣೆ ಟ್ಯಾನ್‌ಫಿನೆಟ್ ಎಂಬ ಸರ್ಕಾರಿ ನಿಗಮದ್ದು. ಆದರೆ ಆ ಯೋಜನೆಯ ಮೂಲ ಗುರಿ ಪಂಚಾಯಿತಿ ಕಚೇರಿಯವರೆಗೆ ಫೈಬರ್ ತರುವುದು. ಅಲ್ಲಿಂದ ನಿಮ್ಮ ಹೊಸ್ತಿಲವರೆಗೆ ತರುವವರು ಬೇರೆ. ಬಿಎಸ್‌ಎನ್‌ಎಲ್ ಫೈಬರನ್ನೂ ಹಳ್ಳಿಗಳಲ್ಲಿ ಮನೆಗೆ ಎಳೆಯುವವರು ಬಹುಪಾಲು ಸ್ಥಳೀಯ ಪಾಲುದಾರರೇ. ಹಾಗಾಗಿ ನಿಮ್ಮ ಕೇಬಲ್‌ನವರೊಬ್ಬರನ್ನೇ ಕೇಳಿ ಸುಮ್ಮನಾಗಬೇಡಿ. ಪಂಚಾಯಿತಿಯಲ್ಲೂ ತಾಳವಾಡಿಯ ಟೆಲಿಫೋನ್ ಕಚೇರಿಯಲ್ಲೂ ವಿಚಾರಿಸಿ, ನಿಮ್ಮ ಮನೆಗೆ ಹತ್ತಿರದ ಇನ್ನೊಂದು ಕಂಬ ಇನ್ನೊಬ್ಬರದಿರಬಹುದು. ಹಳೆಯ ಟೆಲಿಫೋನಿನ ತಾಮ್ರದ ವೈರಿನ ಮೇಲೆ ಕೊಡುತ್ತೇವೆಂದರೆ ಬೇಡವೆನ್ನಿ. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಅದರ ವೇಗ ಸೊರಗುತ್ತದೆ, ಮೇಲಾಗಿ ಸಿಡಿಲನ್ನು ಮನೆಯೊಳಕ್ಕೆ ಕರೆತರುತ್ತದೆ.

ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಕೇಬಲ್‌ನವರಿಂದ ಸಂಪರ್ಕ ಪಡೆದಿರುವ, ನಿಮಗೆ ಪರಿಚಯದ ಮನೆಯೊಂದಕ್ಕೆ ಅವ್ವನನ್ನೂ ಕರೆದುಕೊಂಡು ಹೋಗಿ, ರಾತ್ರಿ ಎಂಟರಿಂದ ಹತ್ತರವರೆಗೆ ನಿಮ್ಮ ಲ್ಯಾಪ್‌ಟಾಪನ್ನು ಅವರ ರೌಟರಿಗೆ ವೈರಿನಲ್ಲೇ ಜೋಡಿಸಿ ನೋಡಿ. ಪಿಂಗ್ ಹಾಕಿ ಬಿಟ್ಟರೆ ಎಷ್ಟು ಸಲ ಉತ್ತರ ಬಾರದೆ ಹೋಯಿತು ಎಂಬ ಲೆಕ್ಕವನ್ನು ಅದೇ ಕೊಡುತ್ತದೆ. ಮಧ್ಯಾಹ್ನದ ವೇಗ ತೋರಿಸಿ ಮಾರುವವರಿದ್ದಾರೆ. ನಿಮಗೆ ಬೇಕಾದದ್ದು ರಾತ್ರಿಯ ವೇಗ.

ಈಗ ಚಿಕ್ಕಪ್ಪನ ಹೊಲಕ್ಕೆ ಬರೋಣ. ನಿಮ್ಮ ನಿದ್ದೆ ಕೆಡಿಸಿರುವುದು ಇಂಟರ್ನೆಟ್ಟಿಗಿಂತ ಹೆಚ್ಚಾಗಿ ಇದೇ ಎಂದು ನನಗನ್ನಿಸುತ್ತದೆ.

ಕೇಬಲ್ ಹುಡುಗನ ಮಾತು ಕೇಳಬೇಡಿ. ಅವನು ಕೆಟ್ಟವನೆಂದಲ್ಲ, ಅವನಿಗೆ ಸಂಜೆಯೊಳಗೆ ಕೆಲಸ ಮುಗಿಸುವ ತವಕ. ಪಟ್ಟಾ ಜಮೀನಿನ ಮೇಲೆ ಒಡೆಯರ ಒಪ್ಪಿಗೆಯಿಲ್ಲದೆ ಕೇಬಲ್ ಎಳೆಯುವುದು ತಪ್ಪು. ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ಸುಳ್ಳು, ಹಳ್ಳಿಯಲ್ಲಿ ಮಾರನೆಯ ಬೆಳಿಗ್ಗೆಯೇ ಗೊತ್ತಾಗುತ್ತದೆ. ಆಮೇಲೆ ಬಾವಿಯ ಜಗಳಕ್ಕೆ ಕೇಬಲಿನ ಜಗಳ ಸೇರುತ್ತದೆ. ಯಾವತ್ತೋ ಒಂದು ದಿನ ಕುಡುಗೋಲಿನ ಒಂದು ಏಟಿಗೆ ನಿಮ್ಮ ಸಂಬಳ ನಿಲ್ಲುತ್ತದೆ. ಕದ್ದು ಎಳೆದ ಕೇಬಲನ್ನು ಕಡಿದವರ ಮೇಲೆ ದೂರುವ ಮುಖವೂ ನಿಮಗಿರುವುದಿಲ್ಲ.

ಹಾಗಂತ ಬೇಡುವವಳಂತೆಯೂ ಹೋಗಬೇಡಿ. ಕೇಳುವ ಮುನ್ನ ಬೇರೆ ದಾರಿ ಏನಿದೆ ಎಂದು ತಿಳಿದುಕೊಂಡು ಹೋಗಿ. ಇಲ್ಲಿ ಫೈಬರಿನ ಗುಣ ನಿಮ್ಮ ಪರವಾಗಿದೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುವಾಗ ಒಂದು ಕಿಲೋಮೀಟರಿಗೆ ಅರ್ಧ ಡೆಸಿಬೆಲ್‌ನಷ್ಟೂ ಕುಂದುವುದಿಲ್ಲ. ಒಂದು ಎಳೆಯನ್ನು 32 ಮನೆಗೆ ಹಂಚುವ ಪುಟ್ಟ ಡಬ್ಬಿಯೊಂದೇ ಸುಮಾರು 17 ಡೆಸಿಬೆಲ್ ನುಂಗುತ್ತದೆ, ಅದರ ಮುಂದೆ ನಿಮ್ಮ 400 ಮೀಟರ್ ಯಾವ ಲೆಕ್ಕ? ಮನೆಗಳಿಗೆ ಫೈಬರ್ ಕೊಡುವ ಈಗಿನ ವ್ಯವಸ್ಥೆ ಇಪ್ಪತ್ತು ಕಿಲೋಮೀಟರಿನವರೆಗೂ ಮುಟ್ಟುವಂತೆ ರೂಪಿಸಿದ್ದು. ಆದ್ದರಿಂದ ಚಿಕ್ಕಪ್ಪನ ಹೊಲ ಬಿಟ್ಟು, ಪಂಚಾಯಿತಿ ರಸ್ತೆಯ ಅಂಚಿನಲ್ಲೇ ಸುತ್ತಿ ಬಂದು ಎರಡು ಪಟ್ಟು ದೂರವಾದರೂ ಇಂಟರ್ನೆಟ್ ಕೆಡುವುದಿಲ್ಲ, ಖರ್ಚು ಮಾತ್ರ ಏರುತ್ತದೆ. ಆ ಸುತ್ತುದಾರಿಯನ್ನು ನಡೆದು ನೋಡಿ, ಎಷ್ಟು ಮೀಟರ್, ಎಷ್ಟು ಕಂಬ, ಎಷ್ಟು ಹಣ ಎಂದು ಬರೆಸಿಕೊಳ್ಳಿ. ರಸ್ತೆಯಂಚಿಗೆ ಪಂಚಾಯಿತಿಯ ಅನುಮತಿ ಬೇಕು. ದಾರಿಯಲ್ಲಿ ಅರಣ್ಯ ಇಲಾಖೆಯ ಜಾಗವೋ ಆನೆ ಕಂದಕವೋ ಅಡ್ಡ ಬಂದರೆ ಅಲ್ಲಿ ಗುದ್ದಲಿ ಹಾಕಲೇಬೇಡಿ, ಆ ಅನುಮತಿ ತರುವುದು ಸಂಪರ್ಕ ಕೊಡುವವರ ಕೆಲಸ. ಚಿಕ್ಕಪ್ಪ ಇಲ್ಲವೆಂದರೂ ದಾರಿಯಿದೆ ಎಂದು ಗೊತ್ತಿದ್ದರೆ ನಿಮ್ಮ ದನಿ ನಡುಗುವುದಿಲ್ಲ, ಅವರಿಗೂ ‘ನನ್ನ ಕೈಯಲ್ಲಿ ಇವಳ ಜುಟ್ಟು ಸಿಕ್ಕಿತು’ ಎನ್ನಿಸುವುದಿಲ್ಲ.

ಅಪ್ಪನಿಗೆ ‘ನೀವು ಕೇಳಿ’ ಎನ್ನಬೇಡಿ. ಕಾಯಿಲೆಯಲ್ಲಿ ಮಲಗಿರುವ ಹಿರಿಯನಿಗೆ ತಮ್ಮನ ಮುಂದೆ ತಗ್ಗುವುದು ಎಷ್ಟು ಕಷ್ಟ ಎಂಬುದು ನಿಮಗೇ ಗೊತ್ತು. ‘ಇದು ನನ್ನ ಕೆಲಸದ ಮಾತು ಅಪ್ಪ, ನಾನೇ ಕೇಳುತ್ತೇನೆ, ಬಾವಿಯ ವಿಷಯ ಎತ್ತುವುದಿಲ್ಲ’ ಎಂದು ಮುಂಚೆಯೇ ತಿಳಿಸಿ. ತಿಳಿಸದೆ ಹೋದರೆ ಬೇರೆಯವರ ಬಾಯಿಂದ ಕೇಳಿ ಅವರು ನೊಂದುಕೊಳ್ಳುತ್ತಾರೆ. ಅವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ, ಮುಚ್ಚಿಟ್ಟೆ ಎಂಬ ಮಾತು ಬರಬಾರದು.

ಮೊದಲು ಚಿಕ್ಕವ್ವನನ್ನು ಕಾಣಿ. ಗಂಡಸರು ಮಾತು ಬಿಟ್ಟರೂ ಹೆಂಗಸರ ನಡುವೆ ಸೊಪ್ಪು, ಮಜ್ಜಿಗೆ, ಜ್ವರದ ಮಾತ್ರೆ ಓಡಾಡುತ್ತಿರುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಚಿಕ್ಕಪ್ಪ ಯಾವ ಹೊತ್ತಿಗೆ ಸಮಾಧಾನದಲ್ಲಿರುತ್ತಾರೆ, ಆ ಹೊಲಕ್ಕೆ ಮುಂದೆ ಏನು ಹಾಕುತ್ತಾರೆ, ಯಾವಾಗ ಖಾಲಿ ಬೀಳುತ್ತದೆ ಎಂಬುದು ಅವರಿಗೆ ಗೊತ್ತು. ಆಮೇಲೆ ನೀವೊಬ್ಬರೇ ಹಗಲು ಹೊತ್ತು ಹೋಗಿ. ಊರಿನ ಯಜಮಾನರನ್ನು ಕರೆದುಕೊಂಡು ಹೋಗಬೇಡಿ, ಅವರು ಬಂದರೆ ಅದು ನ್ಯಾಯ ಪಂಚಾಯಿತಿಯಾಗುತ್ತದೆ, ಬಾವಿಯೂ ಎದ್ದು ಬರುತ್ತದೆ. ಕೈಯಲ್ಲಿ ಒಂದು ಹಾಳೆ ಇರಲಿ: ಹೊಲದ ನಕ್ಷೆ, ಬದುವಿನ ಅಂಚಿನಲ್ಲಿ ಒಂದು ಗೆರೆ. ‘ಚಿಕ್ಕಪ್ಪ, ಸಾಲಿಗೆ ಅಡ್ಡ ಬರುವುದಿಲ್ಲ, ಬದುವಿನ ಬುಡದಲ್ಲೇ ಹೂಳಿಸುತ್ತೇನೆ, ನೇಗಿಲಿಗೂ ಟ್ರ್ಯಾಕ್ಟರಿಗೂ ಸಿಕ್ಕದಷ್ಟು ಆಳಕ್ಕೆ. ಖರ್ಚು ನನ್ನದು, ಅಗೆದ ಮಣ್ಣು ಮುಚ್ಚಿಸುವುದೂ ನನ್ನದು. ನೀವು ಹೇಳಿದ ವಾರದಲ್ಲಿ ಮಾಡಿಸುತ್ತೇನೆ’ ಎನ್ನಿ. ಅವರು ಬಾವಿಯ ಮಾತೆತ್ತಿದರೆ ‘ಅದು ನಿಮ್ಮ ಅಣ್ಣತಮ್ಮಂದಿರ ಮಾತು, ನಾನು ಚಿಕ್ಕವಳು’ ಎಂದು ಅಲ್ಲಿಗೇ ನಿಲ್ಲಿಸಿ. ಅಪ್ಪನ ಪರ ವಾದಿಸುವುದೂ ಬೇಡ, ಅಪ್ಪನ ಪರವಾಗಿ ತಪ್ಪೊಪ್ಪುವುದೂ ಬೇಡ.

ಇನ್ನೊಂದು ಮಾತನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಹೂಳುವ ಪೈಪನ್ನು ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ, ಒಳಗೆ ಒಂದು ಖಾಲಿ ನೈಲಾನ್ ಹಗ್ಗವನ್ನೂ ಎಳೆಸಿಡಿ. ಮುಂದೆ ಚಿಕ್ಕಪ್ಪನ ಮಕ್ಕಳು ತಮಗೂ ಸಂಪರ್ಕ ಬೇಕೆಂದರೆ ಆ ಹಗ್ಗಕ್ಕೆ ಕಟ್ಟಿ ತಮ್ಮ ಕೇಬಲ್ ಎಳೆದುಕೊಳ್ಳಲಿ. ಇದನ್ನು ಅವರ ಮುಂದೆ ಹೇಳಿ. ನಿಮ್ಮ ಸಂಪರ್ಕದಲ್ಲೇ ಪಾಲು ಕೊಡುತ್ತೇನೆ ಎಂದು ಮಾತ್ರ ಹೇಳಬೇಡಿ. ಕಂಪನಿಯ ಕೆಲಸ ನಡೆಯುವ ಸಂಪರ್ಕ ಹೊರಗಿನವರ ಕೈಯಲ್ಲಿರಬಾರದು, ಸಂಪರ್ಕ ಕೊಡುವವರ ಷರತ್ತೂ ಸಾಮಾನ್ಯವಾಗಿ ಅದಕ್ಕೆ ಬಿಡುವುದಿಲ್ಲ.

ಚಿಕ್ಕಪ್ಪ ಒಪ್ಪಿದರೆ ಒಂದು ಪುಟದ ಒಪ್ಪಿಗೆ ಪತ್ರ ಬರೆದುಕೊಳ್ಳಿ. ನಂಬಿಕೆಯಿಲ್ಲವೆಂದು ಹೀಗೆ ಹೇಳುತ್ತಿಲ್ಲ, ಅವರಿಗೇ ಅದು ಧೈರ್ಯ. ಹಳ್ಳಿಯಲ್ಲಿ ಜಮೀನಿನವರಿಗಿರುವ ಭಯ ಒಂದೇ: ಇವತ್ತು ಪೈಪು, ನಾಳೆ ದಾರಿ, ನಾಡಿದ್ದು ಪಾಲು. ‘ಈ ಒಪ್ಪಿಗೆಯಿಂದ ಜಮೀನಿನ ಮೇಲೆ ನಮಗೆ ಯಾವ ಹಕ್ಕೂ ಬರುವುದಿಲ್ಲ’ ಎಂದು ನೀವೇ ಬರೆದುಕೊಟ್ಟರೆ ಆ ಭಯ ಹೋಗುತ್ತದೆ. 1882ರ ಈಸ್‌ಮೆಂಟ್ ಕಾಯಿದೆಯೂ ಇಂಥದ್ದನ್ನು ಅನುಮತಿ ಎಂದೇ ನೋಡುತ್ತದೆ, ಒಡೆತನವೆಂದಲ್ಲ. ಕೇಬಲ್ ಹಾಯುವ ಜಾಗ, ಆಳ, ದುರಸ್ತಿಗೆ ಬರುವವರು ಮೊದಲು ಹೇಳಿ ಬರಬೇಕು, ಬೆಳೆ ಹಾಳಾದರೆ ನೀವೇ ತುಂಬಿಕೊಡುತ್ತೀರಿ, ಇಷ್ಟಿದ್ದರೆ ಸಾಕು. ಎರಡು ಪ್ರತಿ ಮಾಡಿ, ಚಿಕ್ಕವ್ವನೂ ಅವ್ವನೂ ಸಾಕ್ಷಿ ಹಾಕಲಿ.

ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ, ಮಾರನೆಯ ದಿನವೇ ಸುತ್ತುದಾರಿಯ ಕೆಲಸ ಹಿಡಿಯಿರಿ. ಎರಡು ತಿಂಗಳಲ್ಲಿ ಆರು ವಾರ ಅವರ ಮನಸ್ಸು ಕರಗಲೆಂದು ಕಾಯುತ್ತ ಕೂರುವುದು ಬೇಡ.

ಮೇಲಿನಿಂದ ಎಳೆಯುವುದಕ್ಕಿಂತ ಹೂಳುವುದೇ ಒಳ್ಳೆಯದೆಂದು ನಾನು ಹಟ ಹಿಡಿಯುವುದಕ್ಕೆ ನಿಮ್ಮ ಸೀಮೆಯ ಆನೆಗಳೂ ಕಾರಣ. ಕಬ್ಬು, ಬಾಳೆ, ರಾಗಿಯ ಆಸೆಗೆ ಅವು ಹೊಲಕ್ಕೆ ಇಳಿಯುವುದನ್ನು ನೀವು ಬಾಲ್ಯದಿಂದ ಕಂಡಿದ್ದೀರಿ. 2023ರಲ್ಲಿ ಕರುಪ್ಪನ್ ಎಂಬ ಒಂಟಿ ಸಲಗವನ್ನು ಹಿಡಿಯಲು ತಾಳವಾಡಿಯಲ್ಲಿ ಎಷ್ಟು ಪ್ರಯತ್ನ ಬೇಕಾಯಿತು ಎಂಬುದನ್ನೂ ನೋಡಿದ್ದೀರಿ. ಮರಗಳ ನಡುವೆ ಜೋತುಬಿದ್ದ ಕೇಬಲ್ ಒಂದು ಸಲ ಆನೆಯ ಮೈಗೆ ಸಿಕ್ಕರೆ ಮುಗಿಯಿತು. ವಿದ್ಯುತ್ ಕಂಬಕ್ಕೆ ಅನುಮತಿಯಿಲ್ಲದೆ ಕಟ್ಟಬೇಡಿ. ಸೋಲಾರ್ ಬೇಲಿಯ ಗೂಟಕ್ಕಂತೂ ಯಾವ ಕಾರಣಕ್ಕೂ ಕಟ್ಟಬೇಡಿ, ಮನೆಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಭಾರ ತಡೆಯಲು ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಬೇಲಿಯ ಕರೆಂಟು ಅದಕ್ಕೆ ತಗುಲಿದರೆ ಅಪಾಯ.

ಹೂಳಲು ಡ್ರಿಪ್ ಅಂಗಡಿಯಲ್ಲಿ ಸುರುಳಿಯಾಗಿ ಸಿಗುವ ಕಪ್ಪು ಎಚ್‌ಡಿಪಿಇ ಪೈಪು ಸಾಕು. ಎರಡೂವರೆ ಮೂರು ಅಡಿ ಆಳ ಇರಲಿ. ಕಾಡುಹಂದಿ ಮಣ್ಣು ಕೆದಕುವ ಕಡೆ ಮೇಲೆ ಚಪ್ಪಡಿ ಚೂರುಗಳನ್ನು ಹಾಸಿ ಮುಚ್ಚಿ. ತಿರುವಿನಲ್ಲಿ ಎಲ್ಬೋ ಹಾಕಿಸದೆ ಪೈಪನ್ನೇ ದೊಡ್ಡದಾಗಿ ಬಳಸಿ ತಿರುಗಿಸಿ, ಗಾಜಿನ ಎಳೆ ಚೂಪು ತಿರುವನ್ನು ತಾಳುವುದಿಲ್ಲ. ನೂರು ಮೀಟರಿಗೊಂದರಂತೆ ಮುಚ್ಚಳವಿರುವ ಸಣ್ಣ ಗುಂಡಿ ಬಿಡಿಸಿ, ಇಲ್ಲದಿದ್ದರೆ 400 ಮೀಟರ್ ಕೇಬಲನ್ನು ಒಂದೇ ಉಸಿರಿಗೆ ಎಳೆಯಲಾಗುವುದಿಲ್ಲ. ಮನೆಯವರೆಗೂ ಬರುವುದು ಫೈಬರೇ ಆಗಿರಲಿ. ‘ಅರ್ಧ ದಾರಿಗೆ ಡಬ್ಬಿ ಇಟ್ಟು ಅಲ್ಲಿಂದ ಲ್ಯಾನ್ ವೈರ್ ಎಳೆಯುತ್ತೇವೆ’ ಎಂದರೆ ಒಪ್ಪಬೇಡಿ. ಲ್ಯಾನ್ ವೈರಿನ ಮಿತಿ 100 ಮೀಟರ್, ಅದೂ ತಾಮ್ರ, ಹೊಲದಲ್ಲಿ ಹಾದರೆ ಸಿಡಿಲಿಗೆ ದಾರಿ. ಕೇಬಲಿನ ಉಕ್ಕಿನ ತಂತಿಯನ್ನು ಮನೆಯ ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರಲಿ.

ಒಳಗೆ ಬಂದದ್ದು ನಡುಮನೆಯ ಟಿ.ವಿ. ಹತ್ತಿರ ನಿಲ್ಲಬಾರದು, ನೇರವಾಗಿ ನೀವು ಕೂರುವ ಕೋಣೆಗೇ ಬರಲಿ. ಫೈಬರಿನ ಡಬ್ಬಿ ನಿಮ್ಮ ಮೇಜಿನ ಮೇಲಿದ್ದರೆ ಎರಡು ಮೀಟರಿನ ಲ್ಯಾನ್ ಕೇಬಲಿನಲ್ಲಿ ಕೆಲಸ ಮುಗಿಯುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ವೈಫೈ ಹೇಗೂ ಗೋಡೆ ದಾಟಲು ಹೆಣಗುತ್ತದೆ, ಇನ್ನುಳಿದವರ ಮೊಬೈಲಿಗೆ ಬೇಕಿದ್ದರೆ ಆಮೇಲೆ ನೋಡಿಕೊಳ್ಳಬಹುದು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ತೂತು ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಪರಿವರ್ತಕ ಸಿಗುತ್ತದೆ, ಆದರೆ ಕಂಪನಿಯ ಲ್ಯಾಪ್‌ಟಾಪಿಗೆ ಅವರನ್ನು ಕೇಳಿಯೇ ಚುಚ್ಚಿ. ಕೇಬಲ್ ಹುಡುಗ ಹೋಗುವ ಮೊದಲು ಪವರ್ ಮೀಟರ್ ಹಿಡಿದು ಬೆಳಕಿನ ಮಟ್ಟ ತೋರಿಸಲಿ, ಆ ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋಗಿದ್ದರೆ ಎಲ್ಲೋ ಜೋಡಣೆ ಕೆಟ್ಟಿದೆ, ಅಂದೇ ಸರಿಮಾಡಿಸಿ. ಮಳೆಗಾಲದಲ್ಲಿ ತಕರಾರು ಬಂದಾಗ ಅಂದಿನ ಅಂಕಿಯನ್ನೂ ಇಂದಿನ ಅಂಕಿಯನ್ನೂ ಪಕ್ಕದಲ್ಲಿಟ್ಟು ತೋರಿಸಬಹುದು.

ಆದರೂ ತಂಗಿ, ಕೇಬಲ್ ಬಂದ ಮಾತ್ರಕ್ಕೆ ನಿಮ್ಮ ರಾತ್ರಿಗಳು ಭದ್ರವಾಗುವುದಿಲ್ಲ. ರಾತ್ರಿ ಹತ್ತಕ್ಕೆ ಎಲ್ಲೋ ಕೇಬಲ್ ತುಂಡಾದರೆ ಬೆಳಗಿನವರೆಗೆ ಯಾರೂ ಬರುವುದಿಲ್ಲ. ಬರಲೂಬಾರದು, ಆ ಹೊತ್ತಿನಲ್ಲಿ ದಾರಿ ಆನೆಗಳದ್ದು. ಬಣ್ಣಾರಿಯಿಂದ ಕಾರಪಳ್ಳದವರೆಗಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ 2022ರಲ್ಲಿ ಮದರಾಸು ಹೈಕೋರ್ಟ್ ಕಡಿವಾಣ ಹಾಕಿದ್ದೂ ಪ್ರಾಣಿಗಳ ಜೀವ ಉಳಿಸಲೆಂದೇ. ಆದ್ದರಿಂದ ಎರಡನೆಯ ದಾರಿ ಇಟ್ಟುಕೊಳ್ಳಲೇಬೇಕು. ಗಡಿಯಲ್ಲಿರುವ ನಿಮಗೆ ಒಂದು ಅನುಕೂಲವುಂಟು, ಎಷ್ಟೋ ಹಳ್ಳಿಗಳಿಗೆ ಎರಡೂ ರಾಜ್ಯದ ಟವರುಗಳು ಸಿಗುತ್ತವೆ. ಫೈಬರ್ ಯಾವ ಕಂಪನಿಯದ್ದೋ ಸಿಮ್ ಅದಲ್ಲದ ಕಂಪನಿಯದ್ದಿರಲಿ, ಇಲ್ಲದಿದ್ದರೆ ದೂರದಲ್ಲಿ ಒಂದೇ ಕಡೆ ಕಡಿದರೆ ಎರಡೂ ಒಟ್ಟಿಗೆ ಸಾಯುತ್ತವೆ. ನಿಮ್ಮ ಹಾಟ್‌ಸ್ಪಾಟ್ ಫೋನನ್ನು ಬಿಸಾಡಬೇಡಿ, ಇನ್ನು ಮುಂದೆ ಅದು ಆಪತ್ಕಾಲಕ್ಕೆ.

ಕರೆಂಟಿನ ಲೆಕ್ಕ ಸುಲಭ. ಫೈಬರಿನ ಡಬ್ಬಿಗೆ ಹತ್ತು ಹದಿನೈದು ವ್ಯಾಟ್, ಲ್ಯಾಪ್‌ಟಾಪಿಗೆ ಅರವತ್ತರ ಸುತ್ತಮುತ್ತ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಸುಸ್ಥಿತಿಯಲ್ಲಿದ್ದರೆ, ಫ್ಯಾನು ಟಿ.ವಿ. ಅದರ ಮೇಲೆ ಬೀಳದಿದ್ದರೆ, ನಿಮ್ಮ ಒಂದು ರಾತ್ರಿಯ ಪಾಳಿ ದಾಟುತ್ತದೆ. ಹೆಚ್ಚಿನವರು ಕೇಳದ ಪ್ರಶ್ನೆ ಬೇರೆಯಿದೆ: ಕೇಬಲ್‌ನವರ ಕೋಣೆಯಲ್ಲಿರುವ ಯಂತ್ರಕ್ಕೆ ಕರೆಂಟು ಹೋದಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ದಾರಿಯಲ್ಲಿರುವ ಹಂಚುವ ಡಬ್ಬಿಗಳಿಗೆ ಕರೆಂಟು ಬೇಡ, ಆ ಯಂತ್ರಕ್ಕೆ ಬೇಕು. ಅದು ಆರಿದರೆ ನಿಮ್ಮ ಮನೆಯ ಇನ್ವರ್ಟರಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಸಂಪರ್ಕ ಒಂದೇ ಕಡೆಯಿಂದ ಬರುತ್ತದೋ ಎರಡು ಕಡೆಯಿಂದಲೋ ಎಂದೂ ಕೇಳಿ. ಮೊದಲೆಲ್ಲ ಪಂಚಾಯಿತಿಗಳಿಗೆ ಒಂದೇ ಎಳೆಯಾಗಿ ಹೋಗುತ್ತಿದ್ದ ಫೈಬರನ್ನು ಎರಡೂ ಕಡೆಯಿಂದ ಮುಟ್ಟುವ ಬಳೆಯಾಕಾರಕ್ಕೆ ತರಬೇಕೆಂದು 2023ರಲ್ಲಿ ಒಪ್ಪಿದ ಭಾರತ್‌ನೆಟ್ ಪರಿಷ್ಕರಣೆಯೇ ಹೇಳುತ್ತದೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹರಿಯಲೆಂದು.

ಸಂಪರ್ಕ ಕೆಟ್ಟಾಗಲೆಲ್ಲ ಹುಡುಗನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಸಂಪರ್ಕ ಕೊಡುವ ಕಂಪನಿಯ ದೂರು ಕೇಂದ್ರಕ್ಕೂ ಹೇಳಿ ದೂರಿನ ನಂಬರ್ ಪಡೆಯಿರಿ. ಆ ನಂಬರ್ ಕೊಡಲೇಬೇಕು, ಉತ್ತರ ಸಮಾಧಾನ ತಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮ 2012ರಿಂದಲೂ ಇದೆ. ತಮಿಳಿನಲ್ಲಿ ಮಾತಾಡುವುದು ಕಷ್ಟವೆನಿಸಿದರೆ ಬರೆದು ಕಳಿಸಿ. ನಿಮ್ಮ ಮ್ಯಾನೇಜರಿಗೆ ‘ಸಂಪರ್ಕ ಹೋಗಿತ್ತು’ ಎಂದು ಹೇಳುವಾಗ ಆ ನಂಬರೇ ನಿಮ್ಮ ಸಾಕ್ಷಿ.

ಊರಿನವರ ಮಾತಿಗೆ ಬಹಳ ಕಿವಿಗೊಡಬೇಡಿ. ನಿಮ್ಮ ರಾತ್ರಿ ಏಳೂವರೆಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗಿನ ಕಚೇರಿ ತೆರೆದಿರುತ್ತದೆ, ಅದಕ್ಕೇ ನಿಮ್ಮ ದೀಪ ಉರಿಯುತ್ತದೆ. ಇದನ್ನು ಅವ್ವನಿಗೆ ಬಿಡಿಸಿ ಹೇಳಿ, ಕೇಳುವವರಿಗೆ ಅವರೇ ಉತ್ತರ ಕೊಡುತ್ತಾರೆ. ಬಾಗಿಲು ಹಾಕಿದ ಮೇಲೆ ಅಪ್ಪನ ಮಾತ್ರೆಯ ಹೊತ್ತು ಬಿಟ್ಟು ಕರೆಯಬಾರದೆಂದು ಮನೆಯಲ್ಲಿ ಒಂದು ನೇಮವಾಗಲಿ. ಮನೆಯಲ್ಲಿ ಕೂತಿದ್ದಾಳೆಂದರೆ ಬಿಡುವಾಗಿದ್ದಾಳೆ ಎಂದು ಎಣಿಸುವುದು ಮನೆಯವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ.

ಅಪ್ಪನನ್ನು ಬಿಟ್ಟುಹೋದ ಮಗಳು ಎಂಬ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳುತ್ತಿದ್ದೀರಿ, ನಿಮ್ಮ ಪತ್ರದಲ್ಲಿ ಇನ್ಯಾರೂ ಅದನ್ನು ಹೇಳಿಲ್ಲ. ಆ ಮನೆ ನಡೆಯುತ್ತಿರುವುದು ನಿಮ್ಮ ದುಡಿಮೆಯಿಂದ. ಎಲ್ಲ ದಾರಿಯೂ ಮುಚ್ಚಿ ಕೆಲವು ತಿಂಗಳು ಬೆಂಗಳೂರಿಗೆ ಹೋಗಿಬರಬೇಕಾಗಿ ಬಂದರೂ ಅದು ಬಿಟ್ಟುಹೋಗುವುದಲ್ಲ. ಅವ್ವನಿಗೆ ಹಗಲು ನೆರವಾಗಲು ಊರಿನವರೇ ಒಬ್ಬರು ಸಂಬಳಕ್ಕೆ ಸಿಗುತ್ತಾರಾ ಎಂದು ಈಗಲೇ ವಿಚಾರಿಸಿಡಿ. ನೀವು ಇಲ್ಲೇ ಉಳಿದರೂ ಆ ನೆರವು ಬೇಕು. ಬೆಳಗಿನ ಜಾವ ಮೂರೂವರೆಗೆ ಎದ್ದವಳು ಆರಕ್ಕೆ ಅಪ್ಪನನ್ನು ಎತ್ತಿ ಕೂರಿಸುತ್ತಿದ್ದರೆ ನಿದ್ದೆ ಎಲ್ಲಿಂದ ಬರಬೇಕು?

ಕೊನೆಗೆ ಕಂಪನಿಗೆ ಇನ್ನೊಂದು ಪತ್ರ. ಗಡುವಿನ ದಿನಕ್ಕೆ ಕಾಯಬೇಡಿ, ಅರ್ಧ ಅವಧಿ ಕಳೆಯುವಷ್ಟರಲ್ಲಿ ಬರೆಯಿರಿ. ಸಂಪರ್ಕಕ್ಕೆ ಅರ್ಜಿ ಹಾಕಿದ ದಿನಾಂಕ, ಹಣ ಕಟ್ಟಿದ ರಸೀದಿ, ಕೇಬಲ್ ಬರುವ ದಾರಿ, ಇನ್ವರ್ಟರಿನ ವಿವರ, ಎರಡನೆಯ ಸಿಮ್‌ನ ವೇಗ ಎಲ್ಲವನ್ನೂ ಅದರಲ್ಲಿ ಹಾಕಿ. ಹೊಲ ಖಾಲಿಯಾಗುವವರೆಗೆ ಅಗೆಯಲಾಗದಿದ್ದರೆ ಹಾಗೆಂದೇ ಬರೆದು, ಇಂಥ ತಾರೀಖಿನವರೆಗೆ ಸಮಯ ಬೇಕು ಎಂದು ಒಂದು ದಿನಾಂಕ ಹೆಸರಿಸಿ ಕೇಳಿ. ‘ಪ್ರಯತ್ನ ಮಾಡುತ್ತಿದ್ದೇನೆ’ ಎಂಬ ಮೇಲ್‌ಗಳನ್ನು ಮ್ಯಾನೇಜರ್ ದಿನವೂ ನೋಡುತ್ತಾರೆ. ರಸೀದಿಯೂ ತಾರೀಖೂ ಇರುವ ಪತ್ರವನ್ನು ಅವರು ಮೇಲಿನವರಿಗೆ ತೋರಿಸಿ ನಿಮ್ಮ ಪರ ಮಾತಾಡಬಹುದು. ಚಿಕ್ಕಪ್ಪ ಏನೆಂದರು ಎಂದು ನನಗೂ ಎರಡು ಸಾಲು ಬರೆಯಿರಿ.